ಉಲ್ಕಾಶಿಲೆ ಇರಬಹುದೇ? ಮೊದಲು ನೀರು ದೂರವಿಡಿ

ಮಾನ್ಯ ಸಂಪಾದಕರೇ,

ಬೆಂಕಿಯುಂಡೆ ಕಂಡ ಸುದ್ದಿಯ ಬೆನ್ನಲ್ಲೇ ಉಲ್ಕಾಶಿಲೆ ಗುರುತಿಸುವ ಸಲಹೆಗಳೂ ಬರುತ್ತವೆ: ಅಯಸ್ಕಾಂತ ಹಿಡಿಯಿರಿ, ಭಾರ ನೋಡಿ, ತೊಳೆದು ಉಜ್ಜಿ. ಕಬ್ಬಿಣ ಹೆಚ್ಚಿರುವ ಕಲ್ಲುಗಳಿಗೆ ಮೊದಲೆರಡು ಸರಿ. ಜೇಡಿ ಖನಿಜಗಳೇ ತುಂಬಿರುವ, ಇಂಗಾಲವುಳ್ಳ ‘ಕಾರ್ಬನೇಷಿಯಸ್ ಕಾಂಡ್ರೈಟ್’ ಎಂಬ ಬಗೆಯ ಉಲ್ಕಾಶಿಲೆಗಳಲ್ಲಿ ಅವು ದಾರಿ ತಪ್ಪಿಸುತ್ತವೆ; ಮೂರನೆಯದು ಕಲ್ಲನ್ನೇ ಹಾಳುಮಾಡುತ್ತದೆ.

ಈ ಕಲ್ಲುಗಳಲ್ಲಿದ್ದ ಲೋಹದ ಬಹುಪಾಲು, ಮೂಲ ಕ್ಷುದ್ರಗ್ರಹದಲ್ಲಿ ನೀರು ತಾಗಿದಾಗಲೇ ಮ್ಯಾಗ್ನೆಟೈಟ್ (ಕಬ್ಬಿಣದ ಆಕ್ಸೈಡ್), ಸರ್ಪೆಂಟೈನ್ (ಜೇಡಿಯಂಥ ಖನಿಜ) ಮುಂತಾದವಾಗಿ ಬದಲಾಗಿರುತ್ತದೆ. ಹಾಗಾಗಿ ಹಲವುಗಳಲ್ಲಿ ಅಯಸ್ಕಾಂತದ ಸೆಳೆತ ದುರ್ಬಲ. ಸಾಂದ್ರತೆಯೂ ಘನ ಸೆಂಟಿಮೀಟರಿಗೆ 2 ಗ್ರಾಂ ಆಸುಪಾಸು. ಹೆಚ್ಚಾಗಿ ಸಿಗುವ ‘ಸಾಮಾನ್ಯ ಕಾಂಡ್ರೈಟ್’ ಬಗೆಯದು 3.3ರಷ್ಟು. ಇನ್ನು ಪ್ರಬಲವಾದ ನಿಯೋಡಿಮಿಯಂ ಅಯಸ್ಕಾಂತ ತಾಗಿಸಿದರೆ ಕಲ್ಲಿನೊಳಗಿನ ಪ್ರಾಚೀನ ಕಾಂತೀಯ ಗುರುತು ಅಳಿಸಿಹೋಗುತ್ತದೆ.

1864ರಲ್ಲಿ ಫ್ರಾನ್ಸಿನಲ್ಲಿ ಬಿದ್ದ, ಇದೇ ಗುಂಪಿನ ಓರ್ಗೈ ಕಲ್ಲು ನೀರಿಗೆ ಹಾಕಿದರೆ ಪುಡಿಯಾಗುತ್ತದೆ. ಅದರಲ್ಲಿನ ಬಿಳಿ ಸಲ್ಫೇಟ್ ಗೆರೆಗಳು ಗಾಳಿಯ ತೇವದಿಂದ ಭೂಮಿಯ ಮೇಲೇ ಬೆಳೆದವು ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದಲೇ ವರ್ಷಗಟ್ಟಲೆ ಮಳೆ ನೆನೆದ ಜೇಡಿಗಲ್ಲು ಇಂಥ ಉಲ್ಕಾಶಿಲೆಯಾಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. 2017ರ ಜೂನ್ 6ರಂದು ರಾಜಸ್ಥಾನದ ಮುಕುಂದಪುರದಲ್ಲಿ ಬಿದ್ದ ಕಲ್ಲಿನಂತೆ, ಬಿದ್ದ ಕೂಡಲೇ ಎತ್ತಿಟ್ಟದ್ದೇ ಉಳಿಯುವುದು.

ನೋಡಬೇಕಾದದ್ದು ಹೊರಗಿನ ಕರಿಪೊರೆ. ಒಂದು ಮಿಲಿಮೀಟರಿಗಿಂತ ತೆಳು, ಮಂಕು, ಹಲವೆಡೆ ಬಲೆಯಂತೆ ಬಿರುಕು. ಮುರಿದ ಕಡೆ ಒಳಗೆ ಕಪ್ಪು ಅಥವಾ ಕಡುಬೂದು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅರ್ಧ ಮಿಲಿಮೀಟರಿಗೂ ಸಣ್ಣ ದುಂಡು ಕಾಳು, ಬಿಳಿ ಚುಕ್ಕೆ ಕಾಣಬಹುದು; ಓರ್ಗೈ ಬಗೆಯಲ್ಲಿ ಕಾಳುಗಳೇ ಇರುವುದಿಲ್ಲ, ಅವಿಲ್ಲವೆಂದು ಎಸೆಯಬೇಡಿ. ಪದರ, ಬೆಣಚು ಹರಳು, ಬೇರು ಹೊಕ್ಕ ತೂತು ಕಂಡರೆ ಅದು ನೆಲದ್ದೇ ಕಲ್ಲು. ಗುಳ್ಳೆಗಳಿದ್ದರೆ ಬಹುತೇಕ ಕುಲುಮೆಯ ಕಿಟ್ಟ.

ಅನುಮಾನ ಬಲವಾದರೆ, ಬಿದ್ದಲ್ಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸ್ಥಳ ಗುರುತಿಸಿ, ಬರಿಗೈ ತಾಗಿಸದೆ ಶುದ್ಧ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಕಲ್ಲಿಗೆ ತಾಗದಂತೆ. ಎಣ್ಣೆ, ಅಂಟು, ಮಾರ್ಕರ್ ಪೆನ್ ಬೇಡ.

ಪ್ರಯೋಗಾಲಯದಲ್ಲೂ ಹರಳಿನ ರಚನೆಯಿಂದ ಖನಿಜ ಗುರುತಿಸುವ ಎಕ್ಸ್-ರೇ ವಿವರ್ತನೆಯೊಂದನ್ನೇ ನಂಬುವಂತಿಲ್ಲ. ಸರ್ಪೆಂಟೈನ್‌ನ ಶಿಖರ ಬೀಳುವುದು 7.2 ಆಂಗ್‌ಸ್ಟ್ರಾಮ್ (ಹರಳಿನ ಪದರಗಳ ಅಂತರದ ಅಳತೆ) ಹತ್ತಿರ. ನಮ್ಮ ನೆಲದ ಜೇಡಿ ಖನಿಜ ಕೆಯೊಲಿನೈಟ್‌ನದೂ ಹೆಚ್ಚುಕಡಿಮೆ ಅಲ್ಲೇ. ಖನಿಜಗಳ ರಾಸಾಯನಿಕ ವಿಶ್ಲೇಷಣೆ, ಆಮ್ಲಜನಕದ ಐಸೊಟೋಪುಗಳ (ತೂಕ ಬೇರೆಯಾದ ಪರಮಾಣುಗಳ) ಅನುಪಾತ ಸೇರಿದರೆ ತೀರ್ಮಾನ ಗಟ್ಟಿ. ಅಧಿಕೃತ ಹೆಸರು ಸಿಗಲು 20 ಗ್ರಾಂ ಅಥವಾ ಒಟ್ಟು ತೂಕದ ಶೇ 20, ಯಾವುದು ಕಡಿಮೆಯೋ ಅಷ್ಟನ್ನು ಮಾನ್ಯ ಸಂಗ್ರಹದಲ್ಲಿ ಇಡಬೇಕು. ಅದಕ್ಕೆ ಮುಂಚೆ ನೆನಪಿಗೆಂದು ಚೂರು ಮಾಡಿ ಹಂಚಬೇಡಿ.

– ಭೂವಿಜ್ಞಾನ ಅಧ್ಯಾಪಕರು