ನೈಟ್ ಡ್ಯೂಟಿಯ ಆಯಮ್ಮನಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ, ಅದೇ ಈಗ ಬೇಜಾರು.

ನನ್ನ ಮಗಳ ಬೆನ್ನುಮೂಳೆ ಒಂದು ಕಡೆ ಬಾಗಿತ್ತು. ಸ್ಕೋಲಿಯೋಸಿಸ್. ಎಕ್ಸ್‌ರೇಯಲ್ಲಿ 58 ಡಿಗ್ರಿ. 50 ದಾಟಿದರೆ ಬೆಳವಣಿಗೆ ನಿಂತ ಮೇಲೂ ಬಾಗು ಜಾಸ್ತಿಯಾಗಬಹುದು ಅಂತ ಡಾಕ್ಟರು ಆಪರೇಷನ್ ಮಾಡಿದರು. ಎರಡು ರಾಡು, ಒಂದಷ್ಟು ಸ್ಕ್ರೂ. ಸೋಂಕು, ನರಕ್ಕೆ ಪೆಟ್ಟು, ರಾಡು ಮುರಿಯುವುದು, ಎಲ್ಲ ಓದಿಯೇ ಸಹಿ ಹಾಕಿದ್ದೆ. ಮಗ್ಗುಲು ತಿರುಗಿಸುವುದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ರಾತ್ರಿ ಎರಡು ಗಂಟೆಗೆ ಅವಳು ಅಳುತ್ತಿದ್ದಾಗ ನೀವು ಬಂದಿರಿ. "ಭುಜ ಮಾತ್ರ ಎಳೀಬೇಡಿ ಅಮ್ಮ, ಬೆನ್ನು ತಿರುಚಬಾರದು. ದಿಮ್ಮಿ ಉರುಳಿಸಿದಂಗೆ, ಭುಜ ಸೊಂಟ ಒಟ್ಟಿಗೆ." ಮೊಣಕಾಲ ನಡುವೆ ದಿಂಬು ಇಟ್ಟು, ಬೆಡ್‌ಶೀಟಿನ ತುದಿ ನನ್ನ ಕೈಗೆ ಕೊಟ್ಟಿರಿ. ಒಂದು, ಎರಡು, ಮೂರು. ಅಳು ನಿಂತಿತು.

ಒಂಬತ್ತನೇ ದಿನ ಡ್ರೆಸಿಂಗಿನ ಕೆಳತುದಿಯಲ್ಲಿ ರೂಪಾಯಿ ಅಗಲದ ತೇವ ಕಂಡವರೂ ನೀವೇ. ನಾನು ಬೆವರು ಅಂದುಕೊಂಡಿದ್ದೆ. ನೀವು ಸುಮ್ನಿರದೆ ಸಿಸ್ಟರನ್ನು ಕರೆತಂದಿರಿ. ಸೋಂಕು. ಮತ್ತೆ ಥಿಯೇಟರಿಗೆ ಒಯ್ದು ಗಾಯ ತೊಳೆದರು, ಆರು ವಾರ ಆಂಟಿಬಯಾಟಿಕ್. ರಾಡು ಉಳಿಯಿತು.

ಈಗ 24 ಡಿಗ್ರಿ. ಪೂರ್ತಿ ನೆಟ್ಟಗಾಗಿಲ್ಲ, ಆಗಲ್ಲ ಅಂತ ಮೊದಲೇ ಹೇಳಿದ್ದರು. ಶೂ ಲೇಸ್ ಕಟ್ಟಲು ಮಂಡಿಯೂರಬೇಕು. ಎತ್ತರ ಮಾತ್ರ ಎರಡು ಇಂಚು ಹೆಚ್ಚಾಗಿ ಯೂನಿಫಾರಂ ಗಿಡ್ಡವಾಗಿದೆ, ಅವಳಿಗೆ ಅದೇ ಖುಷಿ.

ಡಿಸ್ಚಾರ್ಜ್ ದಿನ ನಿಮಗೆ ರಜೆ. ನಿಮಗೆಂದು ತಂದ ಮೈಸೂರು ಪಾಕ್ ಡಬ್ಬಿ ಸಿಸ್ಟರ್ ಟೇಬಲ್ ಮೇಲಿಟ್ಟು ಬಂದೆ. ಸಿಕ್ಕಿತಾ ಆಯಮ್ಮ?