ಟಾರ್ಚಿನ ಬೆಳಕಿನಲ್ಲಿ ಮಾತನಾಡಿದವರಿಗೆ

ಕಳೆದ ವಾರ ನಮ್ಮ ಮಗಳು, ಅಪ್ಪ ಅಮ್ಮ ಯಾರೂ ಜೊತೆಗಿಲ್ಲದೆ, ತನ್ನಂತೆಯೇ ಕಿವುಡರಾದ ಕೆಲವು ಮಕ್ಕಳೊಂದಿಗೆ ನಾಲ್ಕು ದಿನಗಳ ಪ್ರವಾಸ ಮುಗಿಸಿ ಮನೆಗೆ ಬಂದಳು. ಹತ್ತು ವರ್ಷದ ಹುಡುಗಿ ಪ್ರವಾಸಕ್ಕೆ ಹೋಗಿ ಬರುವುದು ಲೋಕದ ಲೆಕ್ಕದಲ್ಲಿ ದೊಡ್ಡ ಸಂಗತಿಯೇನಲ್ಲ. ಆದರೆ ಆರು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ರೈಲಿನಿಂದ ಇಳಿಯುವಾಗ, ಇನ್ನು ಮುಂದೆ ಈ ಮಗುವನ್ನು ಕರೆದುಕೊಂಡು ಎಲ್ಲಿಗೂ ಹೋಗುವುದೇ ಬೇಡವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ ನನಗೆ ಇದು ಬಹಳ ದೊಡ್ಡದು. ಇದಕ್ಕೆ ಕಾರಣರಾದವರನ್ನು ಎಲ್ಲರೆದುರು ನೆನೆಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯ ದಿನಗಳ ಕಥೆ, ಕೇಳಿಸುವಂತೆ ಮಾಡಲು ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಕೂರಿಸುವ ಸಾಧನವಾದ ಇಂಪ್ಲಾಂಟ್ ಹಾಕಿಸಬೇಕೋ ಬೇಡವೋ ಎಂಬ ನಮ್ಮ ಹೊಯ್ದಾಟ, ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಆಗ ದಾರಿ ತೋರಿಸಿದ ವೈದ್ಯರಿಗೆ, ಕೇಳುವಿಕೆಯನ್ನು ಪರೀಕ್ಷಿಸುವ ಆಡಿಯಾಲಜಿಸ್ಟರಿಗೆ, ಮಾತಿನ ತರಬೇತಿ ಕೊಟ್ಟವರಿಗೆ, ನಮ್ಮ ಮನೆಮಂದಿಗೆಲ್ಲ ಸಂಜ್ಞಾ ಭಾಷೆ ಕಲಿಸಿದ ಶಿಕ್ಷಕಿಗೆ, ನಾನು ಕುಸಿದಾಗಲೆಲ್ಲ ಬಂದು ನಿಂತ ಅಣ್ಣ ಅತ್ತಿಗೆಗೆ, ಪ್ರವಾಸದ ಹೊಣೆ ಹೊತ್ತ ಇಬ್ಬರು ಶಿಕ್ಷಕಿಯರಿಗೆ ನಾನು ಋಣಿ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ನನ್ನ ಮಾವನವರ ವಿಷಯ.

ಆರು ವರ್ಷಗಳ ಹಿಂದಿನ ಆ ರಾತ್ರಿ ಮಗಳು, ನಾನು, ನನ್ನ ಗಂಡ, ಮಾವನವರು, ನಾವು ನಾಲ್ವರೂ ರೈಲಿನಲ್ಲಿದ್ದೆವು. ಇಂಪ್ಲಾಂಟಿನ ಒಳಭಾಗ ಸದಾ ಚರ್ಮದ ಅಡಿಯಲ್ಲೇ ಇದ್ದರೂ, ಕಿವಿಯ ಮೇಲೆ ಕೂತು ಸದ್ದನ್ನು ಹಿಡಿಯುವ ಪ್ರೊಸೆಸರಿನಿಂದ ಸಂಕೇತ ಬಾರದಿದ್ದರೆ ಅದರಿಂದ ಏನೂ ಕೇಳಿಸುವುದಿಲ್ಲ. ಸಂಜೆಯ ಹೊತ್ತಿಗೆ ಪ್ರೊಸೆಸರಿನ ಬ್ಯಾಟರಿ ಮುಗಿಯಿತು. ಬದಲಿ ಬ್ಯಾಟರಿಗಳ ಡಬ್ಬಿ ಮನೆಯ ಮೇಜಿನ ಮೇಲೆಯೇ ಉಳಿದಿತ್ತು. ಪರವಾಗಿಲ್ಲ, ಸಂಜ್ಞೆಗಳಿವೆಯಲ್ಲ ಎಂದುಕೊಂಡೆವು. ಹತ್ತು ಗಂಟೆಗೆ ಸಹಪ್ರಯಾಣಿಕರು ದೀಪ ಆರಿಸಿದರು. ಸದ್ದು ಹೋಗಿ ಕೈಗಳು ಉಳಿದಿದ್ದವು, ಈಗ ಆ ಕೈಗಳೂ ಕಾಣದಾದವು. ನಾಲ್ಕು ವರ್ಷದ ಮಗು ಎಚ್ಚರವಾಗಿ ನೋಡಿದರೆ ಸುತ್ತ ಕತ್ತಲು, ಅಲುಗಾಡುವ ಹಲಗೆ, ಯಾರ ಮುಖವೂ ಇಲ್ಲ. ಅವಳು ಕಿರುಚತೊಡಗಿದಳು. ತನ್ನ ಕಿರುಚಾಟ ಎಷ್ಟು ಜೋರಾಗಿದೆಯೆಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ಯಾರೋ ಗದರಿದರು, ಇನ್ಯಾರೋ ಮಗುವಿಗೆ ಏನು ಕಾಯಿಲೆಯೆಂದು ಕೇಳಿದರು.

ಆಗ ನಾನು ಮಾಡಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕತ್ತಲಲ್ಲಿ ನನ್ನ ಮುಖಕ್ಕೆ, ಎದೆಗೆ ಬಡಿಯುತ್ತ ಏನನ್ನೋ ಹೇಳಲು ಒದ್ದಾಡುತ್ತಿದ್ದ ಅವಳ ಎರಡೂ ಕೈಗಳನ್ನು ನಾನು ಬಿಗಿಯಾಗಿ ಹಿಡಿದು ಅದುಮಿಬಿಟ್ಟೆ. ಸುಮ್ಮನಿರಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು. ಬಾಯಿ ಮುಚ್ಚಿದಂತೆಯೇ ಅದು. ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ 1880ರಲ್ಲಿ ಮಿಲಾನಿನಲ್ಲಿ ನಡೆದ ಸಮ್ಮೇಳನ, ಬಾಯಿಮಾತಿನ ಕಲಿಕೆಯೇ ಶ್ರೇಷ್ಠವೆಂದು ಸಾರಿ ಶಾಲೆಗಳಿಂದ ಸಂಜ್ಞಾ ಭಾಷೆಯನ್ನು ಹೊರಗಿಡುವ ನಿರ್ಣಯ ಮಾಡಿದ್ದನ್ನೂ, ಆ ನಿರ್ಣಯವನ್ನು ಅದೇ ಸಮ್ಮೇಳನ 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದಾಗ ತಳ್ಳಿಹಾಕಿದ್ದನ್ನೂ ನಾನು ಎಷ್ಟೋ ದಿನಗಳ ನಂತರ ಓದಿದೆ. 130 ವರ್ಷಗಳ ಆ ಅನ್ಯಾಯದ ಬಗ್ಗೆ ಓದುವಾಗ ಸಿಟ್ಟು ಬರಬೇಕಿತ್ತು. ನನಗೆ ಕಂಡದ್ದು ನನ್ನ ಅಂಗೈಯೊಳಗೆ ಸಿಕ್ಕಿಬಿದ್ದಿದ್ದ ಆ ಪುಟ್ಟ ಬೆರಳುಗಳು ಮಾತ್ರ.

ಮಾವನವರು ನನ್ನನ್ನು ಬಯ್ಯಲಿಲ್ಲ. "ಬಿಡು ತಾಯಿ, ಇಲ್ಲಿ ಕೊಡು" ಎಂದು ಮಗುವನ್ನು ಎತ್ತಿ ತಮ್ಮೆದುರು ಕೂರಿಸಿಕೊಂಡರು. ಚೀಲದಿಂದ ಚಿಕ್ಕ ಟಾರ್ಚ್ ತೆಗೆದು, ಎರಡೂ ಕೈಗಳು ಖಾಲಿ ಇರಲೆಂದು ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಬೆಳಕು ತಮ್ಮ ಬೆರಳುಗಳ ಮೇಲೆ ಬೀಳುವಂತೆ ಮಾಡಿದರು. ಮಗು ಅಳುತ್ತಲೇ ಟಾರ್ಚನ್ನು ಮೇಲಕ್ಕೆ ದೂಡಿತು. ಅವರು ಕೆಳಗಿಳಿಸಿದರು, ಅದು ಮತ್ತೆ ದೂಡಿತು. ಮೂರನೆಯ ಸಲಕ್ಕೆ ಅವರಿಗೆ ಅರ್ಥವಾಯಿತು: ಅವಳಿಗೆ ಅಜ್ಜನ ಮುಖವೂ ಬೇಕಿತ್ತು. ಹುಬ್ಬು ಏರಿಸಿದರೆ ಪ್ರಶ್ನೆ, ತಲೆಯನ್ನು ಅಡ್ಡಡ್ಡ ಆಡಿಸಿದರೆ ಇಲ್ಲವೆಂದು. ಮುಖವೂ ಸಂಜ್ಞಾ ಭಾಷೆಯ ವ್ಯಾಕರಣದ ಭಾಗವೆಂದು ಶಿಕ್ಷಕಿ ನಮಗೆ ಹೇಳಿಕೊಟ್ಟಿದ್ದರು. ನಾವು ಅದನ್ನು ಪಾಠವಾಗಿ ಕೇಳಿದ್ದೆವು, ಮಗುವಿಗೆ ಅದು ಬದುಕಾಗಿತ್ತು.

ಎಪ್ಪತ್ತು ವರ್ಷದ ಅವರಿಗೆ ಆಗ ಬರುತ್ತಿದ್ದದ್ದು ಹೆಚ್ಚೆಂದರೆ ನಲವತ್ತು ಸಂಜ್ಞೆಗಳು. ಅಷ್ಟರಲ್ಲೇ ಅವರು ರೈಲು, ಕತ್ತಲು, ಆನೆ, ನಿದ್ದೆ, ಬೆಳಗ್ಗೆ, ಅಜ್ಜ ಎಂಬ ಪದಗಳನ್ನು ಜೋಡಿಸಿ ಒಂದು ಕಥೆ ಕಟ್ಟಿದರು. ಕತ್ತಲಿಗೆ ಹೆದರಿದ ಆನೆಯೊಂದು ರೈಲು ಹತ್ತಿ ಬೆಳಗನ್ನು ಹುಡುಕಿಕೊಂಡು ಹೋಗುವ ಕಥೆ. ಮಗು ಅಳು ನಿಲ್ಲಿಸಿ ನೋಡಿತು, ಇನ್ನೊಮ್ಮೆ ಎಂದಿತು. ಅವರು ಇನ್ನೊಮ್ಮೆ ಹೇಳಿದರು. ಸಂಧಿವಾತದಿಂದ ಊದಿದ್ದ ಬೆರಳುಗಳನ್ನು ಆಗಾಗ ಉಜ್ಜಿಕೊಳ್ಳುತ್ತ, ಬೆಳಗಾಗುವವರೆಗೆ ಅದೇ ಆನೆಯನ್ನು ಅದೇ ರೈಲಿಗೆ ಎಷ್ಟು ಸಲ ಹತ್ತಿಸಿದರೋ ನನಗೆ ಲೆಕ್ಕ ಸಿಗಲಿಲ್ಲ. ಗಂಡ ನನ್ನ ಕೈ ಹಿಡಿದು ಪಕ್ಕದಲ್ಲಿ ಕುಳಿತಿದ್ದರು. ನಾವಿಬ್ಬರೂ ಆ ಸಣ್ಣ ಬೆಳಕಿನ ವೃತ್ತವನ್ನು ಹೊರಗಿನಿಂದ ನೋಡುತ್ತಿದ್ದೆವು.

ಬೆಳಗ್ಗೆ ಇಳಿಯುವಾಗ ಅವರು ಹೇಳಿದ್ದು ಇಷ್ಟೇ: "ಕತ್ತಲಾದರೆ ಅವಳಿಗೆ ಮಾತೇ ಇರೋದಿಲ್ಲ ಕಣಮ್ಮ. ಇನ್ನು ಮೇಲೆ ಬಟ್ಟೆಗಿಂತ ಮೊದಲು ಟಾರ್ಚ್ ಇಡು."

ಪ್ರಯಾಣ ನಿಲ್ಲಿಸುವ ನನ್ನ ತೀರ್ಮಾನವನ್ನು ಅವರು ಒಪ್ಪಲಿಲ್ಲ. ಮುಂದಿನ ತಿಂಗಳೇ ಮತ್ತೆ ಹೊರಡಿಸಿದರು. ಮಗುವಿನ ಪಕ್ಕದಲ್ಲಲ್ಲ, ಎದುರಿನಲ್ಲಿ ಕೂರಬೇಕೆಂದೂ, ಕಿಟಕಿಗೆ ಬೆನ್ನು ಹಾಕಿ ಕೂತರೆ ಹಿಂದಿನ ಬೆಳಕಿಗೆ ನಮ್ಮ ಮುಖ ಕಪ್ಪಾಗಿ ಕಾಣುತ್ತದೆಂದೂ, ನಿಲ್ದಾಣದ ಪ್ರಕಟಣೆಯನ್ನು ನಾವು ಕೇಳಿಸಿಕೊಂಡ ಕೂಡಲೇ ಅವಳಿಗೂ ತಿಳಿಸಬೇಕೆಂದೂ ಒಂದೊಂದಾಗಿ ಕಂಡುಕೊಂಡವರು ಅವರೇ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತು ನಗುವಾಗ, ಯಾಕೆ ನಗುತ್ತಿದ್ದೀರಿ ಎಂದು ಅವಳು ಕೇಳಿದರೆ "ಆಮೇಲೆ ಹೇಳ್ತೀನಿ" ಎನ್ನುವುದು ನಮಗೆ ರೂಢಿಯಾಗಿತ್ತು. ಆ ಮಾತನ್ನು ಮಾವನವರು ಮನೆಯಿಂದಲೇ ಓಡಿಸಿದರು. ಯಾರದೇ ಮಾತಿರಲಿ, ಅರ್ಧಕ್ಕೆ ನಿಲ್ಲಿಸಿ ಮೊದಲು ಅವಳಿಗೆ ಹೇಳುತ್ತಾರೆ, ಅವಳು ನಕ್ಕ ಮೇಲೆಯೇ ಮಾತು ಮುಂದುವರಿಯುತ್ತದೆ. ಬಂದ ನೆಂಟರಿಗೆ ಇದು ಕಿರಿಕಿರಿಯಾಗಿದ್ದೂ ಉಂಟು. ಅವರು ಲೆಕ್ಕಿಸಲಿಲ್ಲ.

ಈ ಸಲದ ಪ್ರವಾಸಕ್ಕೆ ಅವಳು ಚೀಲ ತುಂಬಿಕೊಂಡಾಗ ನಾನು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಟಾರ್ಚ್ ಇಟ್ಟಳು, ನಂತರ ಬ್ಯಾಟರಿಗಳು, ಆಮೇಲೆ ಬಟ್ಟೆ. ಅಲ್ಲಿ ರಾತ್ರಿ ದೀಪ ಆರಿಸಿದ ಮೇಲೂ ಗೆಳತಿಯರೆಲ್ಲ ಹೊದಿಕೆಯೊಳಗೆ ಟಾರ್ಚ್ ಹಚ್ಚಿಕೊಂಡು ಮಾತನಾಡಿ ಬೈಸಿಕೊಂಡರಂತೆ. ಬಂದವಳು ಅದನ್ನು ಮೊದಲು ಹೇಳಿದ್ದು ಅಜ್ಜನಿಗೆ.

ಇದನ್ನು ಪ್ರಕಟಿಸುವ ಮುನ್ನ ಮಾವನವರಿಗೆ ಓದಿ ಹೇಳಿದೆ. ತಮ್ಮ ವಿಷಯ ಇಷ್ಟು ಬೇಡವಿತ್ತು ಎಂದರು. ನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಮರೆತದ್ದೊಂದನ್ನು ನೆನಪಿಸಿದರು. ನಡುರಾತ್ರಿ ಕಳೆದ ಮೇಲೆ ನಮ್ಮ ಟಾರ್ಚ್ ಮಂಕಾಗಿ ಆರಿಹೋದಾಗ, ಮೇಲಿನ ಬರ್ತಿನಿಂದ ಒಂದು ಕೈ ಏನೂ ಮಾತನಾಡದೆ ತನ್ನ ಟಾರ್ಚನ್ನು ಕೆಳಗೆ ಚಾಚಿತ್ತು. ಆ ಪ್ರಯಾಣಿಕರು ನಾವು ಇಳಿಯುವಾಗ ನಿದ್ದೆಯಲ್ಲಿದ್ದರು. ಟಾರ್ಚನ್ನು ಅವರ ತಲೆದಿಂಬಿನ ಪಕ್ಕದಲ್ಲಿಟ್ಟು ಬಂದೆವು. ಅವರ ಮುಖ ನಾವು ನೋಡಿಲ್ಲ, ಹೆಸರು ಕೇಳಿಲ್ಲ. ಅವರಿಗೆ ಮಾವನವರ ಪರವಾಗಿ ಮತ್ತು ನಮ್ಮೆಲ್ಲರ ಪರವಾಗಿ ವಂದನೆಗಳು.