ವಿಷಯ: ಅಡಿಪಾಯದ ಕೆಳಗಿನ ಟೊಳ್ಳು ಪತ್ತೆಗೆ ನಡೆಸಿದ ಭೂಭೌತ ಸಮೀಕ್ಷೆಯ ಲೋಪದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಭೂಭೌತ ಸಮೀಕ್ಷಾ ವಿಭಾಗ

ಮಾನ್ಯರೇ,

ಗದಗ-ಬೆಟಗೇರಿಯ ಹಳೆಯ ಓಣಿಯಲ್ಲಿರುವ ನಮ್ಮ ಕಟ್ಟಡದ ಹಿಂಬದಿಯ ನೆಲ ಮಳೆಗಾಲದಲ್ಲಿ ಕುಸಿಯತೊಡಗಿ, ಮೂಲೆಯ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಂಡಿದ್ದರಿಂದ, ಅಡಿಪಾಯದ ಕೆಳಗೆ ಟೊಳ್ಳು ಇದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ತಮಗೆ ವಹಿಸಿದ್ದೆವು. ತಮ್ಮ ದರಪಟ್ಟಿಯಲ್ಲಿ ರೇಡಾರ್ (ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ ನೋಡುವುದು) ಮತ್ತು ರೆಸಿಸ್ಟಿವಿಟಿ (ನೆಲದ ವಿದ್ಯುತ್ ರೋಧ ಅಳೆಯುವುದು) ಎರಡೂ ವಿಧಾನಗಳ ಶುಲ್ಕ ಸೇರಿದ್ದು, ಅದನ್ನು ಪೂರ್ಣವಾಗಿ ಪಾವತಿಸಿದ್ದೇವೆ. ಆದರೆ ತಮ್ಮ ಸಿಬ್ಬಂದಿ 400 ಮೆಗಾಹರ್ಟ್ಸ್ ಆಂಟೆನಾದ ರೇಡಾರ್ ಗಾಡಿಯನ್ನಷ್ಟೇ ಓಡಿಸಿ ಮರಳಿದರು. ಹೀಗಿದ್ದೂ ವರದಿಯಲ್ಲಿ 10 ಮೀಟರ್ ಆಳದವರೆಗೆ ಟೊಳ್ಳಿಲ್ಲವೆಂದು ಪ್ರಮಾಣೀಕರಿಸಲಾಗಿದೆ.

ಇದೇ ನಮ್ಮ ಮುಖ್ಯ ಆಕ್ಷೇಪ. ರೇಡಾರ್ ಅಲೆಗಳು ಒಣ ಮರಳಿನಲ್ಲಿ ಕೆಲವು ಮೀಟರ್ ಇಳಿಯಬಹುದಾದರೂ, ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ಒದ್ದೆ ಎರೆ ಮಣ್ಣು ಅವನ್ನು ಬಹುಬೇಗ ಹೀರಿಕೊಳ್ಳುತ್ತದೆ. ಅಂಥ ನೆಲದಲ್ಲಿ ಈ ಆಂಟೆನಾ ಒಂದು ಮೀಟರ್ ಆಳ ತಲುಪುವುದೂ ಕಷ್ಟ. ಕಾಂಕ್ರೀಟ್ ನೆಲದೊಳಗಿನ ಕಬ್ಬಿಣದ ಸರಳುಗಳು ಇನ್ನಷ್ಟು ಅಡ್ಡಿ ಮಾಡುತ್ತವೆ. ಸಮೀಕ್ಷೆ ನಡೆದದ್ದೋ ಮಳೆ ನಿಂತ ಮರುದಿನ. ಅಲೆಯೇ ತಲುಪದ ಜಾಗದಲ್ಲಿ ಟೊಳ್ಳು ಕಾಣಲಿಲ್ಲವೆಂದರೆ ಅಲ್ಲಿ ಟೊಳ್ಳಿಲ್ಲವೆಂದು ಹೇಗಾದೀತು?

ದರಪಟ್ಟಿಯಲ್ಲಿ ಒಪ್ಪಿಕೊಂಡ ರೆಸಿಸ್ಟಿವಿಟಿ ಪರೀಕ್ಷೆಯೇ ಇಲ್ಲಿ ಉಪಯುಕ್ತವಾಗಿತ್ತು. 24 ಎಲೆಕ್ಟ್ರೋಡುಗಳನ್ನು (ವಿದ್ಯುತ್ ಹರಿಸುವ ಲೋಹದ ಗೂಟಗಳನ್ನು) 2 ಮೀಟರ್ ಅಂತರದಲ್ಲಿ ನೆಟ್ಟರೆ ಸಾಲಿನ ಉದ್ದ 46 ಮೀಟರ್ ಆಗಿ, ಅದರ ಸುಮಾರು ಐದನೇ ಒಂದು ಭಾಗದಷ್ಟು, ಅಂದರೆ 9 ಮೀಟರ್ ಆಸುಪಾಸಿನ ಆಳದ ಚಿತ್ರ ದೊರೆಯುತ್ತದೆ. ಓಣಿಯಲ್ಲಿ ಅಷ್ಟು ಜಾಗವಿದೆ. ಗಾಳಿ ತುಂಬಿದ ಟೊಳ್ಳಿನಲ್ಲಿ ರೋಧ ಹೆಚ್ಚು, ನೀರು ಅಥವಾ ಕೆಸರು ತುಂಬಿದ್ದರಲ್ಲಿ ಕಡಿಮೆ. ಆದ್ದರಿಂದ ಸಂಶಯ ಬಂದಲ್ಲಿ ಬೋರ್ ಹಾಕಿ ಖಚಿತಪಡಿಸಿಕೊಳ್ಳಲೇಬೇಕು.

ಈ ಜಾಗದಲ್ಲಿ ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವುಗಳು, ಅಂದರೆ ನೆಲದಡಿಯ ಕಣಜಗಳು, ಇದ್ದವೆಂದು ಓಣಿಯ ಹಿರಿಯರು ತಮ್ಮ ಸಿಬ್ಬಂದಿಗೆ ತಿಳಿಸಿದ್ದರು. ಸಡಿಲ ಮಣ್ಣು ಸುರಿದು ಮುಚ್ಚಿದ ಹಗೇವಿನೊಳಗೆ ಒಡೆದ ಒಳಚರಂಡಿಯ ನೀರು ಇಳಿದರೆ ಮಣ್ಣು ಕೊಚ್ಚಿಹೋಗಿ ಮೇಲಿನ ನೆಲ ಕುಸಿಯುತ್ತದೆ. ವರದಿಯಲ್ಲಿ ಈ ಮಾಹಿತಿಯ ಸುಳಿವೂ ಇಲ್ಲ. ಬದಲಿಗೆ ಸುಣ್ಣದಕಲ್ಲು ಕರಗಿ ಗುಹೆಗಳಾಗುವ ಬಗ್ಗೆ ಎರಡು ಪುಟಗಳ ವಿವರಣೆಯಿದೆ. ಗದಗ ಪಟ್ಟಣ ಇರುವುದು ಮುಖ್ಯವಾಗಿ ಶಿಸ್ಟ್ ಎಂಬ, ಸುಣ್ಣದಕಲ್ಲಿನಂತೆ ಕರಗಿ ಗುಹೆಯಾಗದ ಪದರಗಲ್ಲಿನ ವಲಯದಲ್ಲಿ. ಆ ಪುಟಗಳು ಬೇರಾವುದೋ ಊರಿನ ವರದಿಯಿಂದ ಬಂದಿರಬೇಕು.

ತಮ್ಮ ಪ್ರಮಾಣೀಕರಣವನ್ನು ನಂಬಿ ಬಾಡಿಗೆದಾರರು ಕೆಳಮಹಡಿಗೆ ಮರಳಲು ಸಿದ್ಧರಾಗಿರುವುದರಿಂದ, ವರದಿಯನ್ನು ಹಿಂಪಡೆದಿರುವುದಾಗಿ ತಕ್ಷಣ ಲಿಖಿತವಾಗಿ ತಿಳಿಸಬೇಕು. ರೇಡಾರಿನ ಮೂಲ ದತ್ತಾಂಶ ಹಾಗೂ ಅಳೆದ ಸಾಲುಗಳ ನಕ್ಷೆಯನ್ನು ಒದಗಿಸಿ, ಬಾಕಿ ಉಳಿದ ರೆಸಿಸ್ಟಿವಿಟಿ ಪರೀಕ್ಷೆಯನ್ನೂ ಅಗತ್ಯವಿರುವ ಬೋರ್‌ಗಳನ್ನೂ ಹೆಚ್ಚುವರಿ ಶುಲ್ಕವಿಲ್ಲದೆ ಪೂರೈಸಬೇಕು. ಇಲ್ಲವೇ ಪಡೆದ ಮೊತ್ತವನ್ನು ಹಿಂದಿರುಗಿಸಬೇಕು. 15 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಲಾಗುವುದು.

ತಮ್ಮ ವಿಶ್ವಾಸಿ,
ಕಟ್ಟಡದ ಮಾಲೀಕರ ಪರವಾಗಿ
ಬೆಟಗೇರಿ, ಗದಗ

ಲಗತ್ತು: ದರಪಟ್ಟಿ, ಪಾವತಿ ರಸೀದಿ, ವರದಿಯ ಪ್ರತಿ ಹಾಗೂ ಬಿರುಕಿನ ಛಾಯಾಚಿತ್ರಗಳು